ಶಿಕಾಗೋ ಚಳಿಯಲ್ಲಿ ಮನೆಯೊಳಗೆ ಮೆಣಸಿನ ಸಸಿ ಎಬ್ಬಿಸುವುದು ಹೇಗೆ?

ಪ್ರಶ್ನೆ: ನಮ್ಮ ಊರು ಹಾವೇರಿ ಜಿಲ್ಲೆಯಲ್ಲಿದೆ, ಈಗ ಶಿಕಾಗೋ ಹತ್ತಿರದ ಉಪನಗರದಲ್ಲಿ ವಾಸ. ಕಳೆದ ಜನವರಿಯ ಮೊದಲ ವಾರದಲ್ಲಿ, ಅಂಗಡಿಯಿಂದ ತಂದ ಒಣ ಬ್ಯಾಡಗಿ ಕಾಯಿಯ ಬೀಜವನ್ನೂ ಗೆಳತಿಯ ಕುಂಡದ ಸೂಜಿಮೆಣಸಿನ ಬೀಜವನ್ನೂ ಅಡುಗೆಮನೆಯ ಕಿಟಕಿಯ ಬಳಿ ಬಿತ್ತಿದ್ದೆ. ಅವ್ವ ಫೋನಿನಲ್ಲಿ ಹೇಳಿದಂತೆ ಬೀಜಕ್ಕೆ ಬೂದಿ ಸವರಿ, ಹಿತ್ತಲಿನ ಮಣ್ಣು ತುಂಬಿ, ದಿನವೂ ನೀರು ಹಾಕಿದೆ. ಬ್ಯಾಡಗಿಯಲ್ಲಿ ನಾಲ್ಕೈದು ಬೀಜಗಳು ಮಾತ್ರ, ಅದೂ ಮೂರು ವಾರದ ನಂತರ ಮೊಳೆತವು. ಸಸಿಗಳು ದಾರದಂತೆ ಉದ್ದವಾಗಿ ಬೆಳೆದು ಬುಡದಲ್ಲಿ ಮುರಿದು ಬಿದ್ದವು. ಉಳಿದ ಎರಡು ಸೂಜಿಮೆಣಸಿನ ಸಸಿಗಳನ್ನು ಮೇ ಆರಂಭದಲ್ಲಿ ಹೊರಗೆ ನೆಟ್ಟರೆ ಹಳದಿಯಾಗಿ ಜುಲೈವರೆಗೂ ಹಾಗೆಯೇ ನಿಂತವು. ನನ್ನಿಂದ ಎಲ್ಲಿ ತಪ್ಪಾಯಿತು? ಅವ್ವ ಊರಿನಿಂದ ಬೀಜ ಕಳಿಸುತ್ತೇನೆ ಎನ್ನುತ್ತಾರೆ, ತರಿಸಬಹುದೇ?

ಉತ್ತರ: ನಿಮ್ಮ ಅವ್ವ ಹೇಳಿದ್ದರಲ್ಲಿ ತಪ್ಪಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಹಾವೇರಿ ಸೀಮೆಯಲ್ಲಿ ಮೆಣಸಿನ ಸಸಿಮಡಿ ಹಾಕುವುದು ಮುಂಗಾರಿನ ಹೊತ್ತಿಗೆ. ಆಗ ಮಡಿಯ ಮಣ್ಣು ತಾನಾಗಿಯೇ ಬೆಚ್ಚಗಿರುತ್ತದೆ, ಮೋಡದ ಮರೆಯಿಂದ ಬರುವ ಬೆಳಕೂ ಸಸಿಗೆ ಸಾಕಾಗುತ್ತದೆ, ಬೂದಿಯು ಇರುವೆ ಬೀಜ ಹೊತ್ತೊಯ್ಯದಂತೆ ಕಾಯುತ್ತದೆ. ಬೀಜಕ್ಕೆ ಬಿಸುಪು ಬೇಕು, ಸಸಿಗೆ ಬೆಳಕು ಬೇಕು ಎಂದು ಅಲ್ಲಿ ಯಾರೂ ಬೇರೆಬೇರೆಯಾಗಿ ಯೋಚಿಸಬೇಕಾಗಿಲ್ಲ. ಎರಡನ್ನೂ ಕಾಲವೇ ಒಟ್ಟಿಗೆ ಒದಗಿಸುತ್ತದೆ. ನೀವಿರುವಲ್ಲಿ ಚಳಿಗಾಲದ ಮನೆಯೊಳಗೆ ಇವೆರಡೂ ಇಲ್ಲ, ಎರಡನ್ನೂ ನೀವೇ ಒದಗಿಸಬೇಕು, ಅದೂ ಒಂದಾದ ಮೇಲೆ ಒಂದರಂತೆ. ಮೊಳೆಯುವ ತನಕ ಬಿಸುಪು ಮುಖ್ಯ, ಬೆಳಕು ಬೇಕಾಗಿಲ್ಲ. ಮೊಳೆತ ದಿನದಿಂದ ಬೆಳಕು ಮುಖ್ಯ, ಬಿಸುಪು ಸ್ವಲ್ಪ ಕಡಿಮೆಯಾದರೂ ಸರಿಯೇ, ಕಡಿಮೆಯಾದರೆ ಒಳ್ಳೆಯದೇ. ನಿಮ್ಮ ಮೊದಲ ಎರಡು ನಷ್ಟಗಳೂ ಈ ಎರಡು ಹಂತಗಳು ಅದಲುಬದಲಾದದ್ದರಿಂದ ಆಗಿವೆ: ಬೀಜಕ್ಕೆ ಕಿಟಕಿಯ ಚಳಿ ಸಿಕ್ಕಿತು, ಸಸಿಗೆ ಹೀಟರಿನ ಶಾಖ ಸಿಕ್ಕಿತು.

ಬೀಜದ ವಿಷಯವನ್ನು ಮೊದಲು ನೋಡೋಣ, ಏಕೆಂದರೆ ಬೀಜವೇ ಸತ್ತಿದ್ದರೆ ಮಿಕ್ಕ ಶ್ರಮವೆಲ್ಲ ವ್ಯರ್ಥ. ಅಂಗಡಿಯ ಒಣ ಮೆಣಸಿನಕಾಯಿ ಅಡುಗೆಗೆಂದು ಬಂದದ್ದು. ಅದು ಬಿಸಿಲಿನಲ್ಲಿ ವಾರಗಟ್ಟಲೆ ಒಣಗಿ, ಶೀತಲಗೃಹದಲ್ಲಿ ತಿಂಗಳುಗಟ್ಟಲೆ ಕಳೆದು, ಹಡಗಿನಲ್ಲಿ ಬಂದು, ಮತ್ತೆ ಅಂಗಡಿಯಲ್ಲಿ ಕುಳಿತಿರುತ್ತದೆ. ಅದರ ಬೀಜ ಮೊಳೆಯುವುದೇ ಇಲ್ಲ ಎಂದಲ್ಲ, ನಿಮ್ಮಲ್ಲಿಯೂ ನಾಲ್ಕೈದು ಮೊಳೆತಿವೆ. ಆದರೆ ಅದನ್ನು ನಂಬಿ ಒಂದು ಇಡೀ ಋತುವನ್ನು ಪಣಕ್ಕಿಡಬಾರದು. ಮೆಣಸಿನ ಬೀಜ ಒಣಗಿದ, ತಂಪಾದ ಜಾಗದಲ್ಲಿ ಎರಡರಿಂದ ನಾಲ್ಕು ವರ್ಷ ಚೆನ್ನಾಗಿರುತ್ತದೆ, ಆಮೇಲೆ ಮೊಳೆಯುವ ಶಕ್ತಿ ಬೇಗ ಇಳಿಯುತ್ತದೆ. ಕೈಯಲ್ಲಿರುವ ಬೀಜದ ಜೀವ ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. ಹತ್ತು ಬೀಜಗಳನ್ನು ಒದ್ದೆ ಮಾಡಿ ಹಿಂಡಿದ ಪೇಪರ್ ಟವೆಲಿನಲ್ಲಿ ಮಡಚಿ, ಜಿಪ್ ಚೀಲದೊಳಗಿಟ್ಟು, ಬೆಚ್ಚಗಿನ ಜಾಗದಲ್ಲಿ ಎರಡು ವಾರ ಬಿಡಿ. ಏಳು ಮೊಳೆತರೆ ಧೈರ್ಯವಾಗಿ ಬಿತ್ತಬಹುದು. ಎರಡೋ ಮೂರೋ ಮೊಳೆತರೆ ಆ ಲೆಕ್ಕದಲ್ಲಿ ಹೆಚ್ಚು ಬೀಜ ಹಾಕಬೇಕು, ಇಲ್ಲವೆ ಬೇರೆ ಬೀಜ ಹುಡುಕಬೇಕು.

ಅವ್ವ ಕಳಿಸುವ ಬೀಜದ ಬಗ್ಗೆ ನಾನು ಸ್ಪಷ್ಟವಾಗಿಯೇ ಹೇಳಬೇಕು: ಲಕೋಟೆಯಲ್ಲಿ ಹಾಕಿ ಅಂಚೆಗೆ ಕೊಡುವುದೂ, ಸೂಟ್‌ಕೇಸಿನ ಮೂಲೆಯಲ್ಲಿ ತೋರಿಸದೆ ತರುವುದೂ ಬೇಡ. ಅಮೆರಿಕಕ್ಕೆ ಬಿತ್ತನೆ ಬೀಜ ಬರಬೇಕಾದರೆ ಸಸ್ಯ ಆರೋಗ್ಯ ಪ್ರಮಾಣಪತ್ರ ಅಥವಾ ಅಲ್ಲಿನ ಕೃಷಿ ಇಲಾಖೆಯ ಮುಂಗಡ ಅನುಮತಿ ಬೇಕು. ಮೆಣಸು ಮತ್ತು ಟೊಮೆಟೊ ಬೀಜಗಳ ಮೂಲಕ ನಂಜುರೋಗಗಳು ಒಂದು ದೇಶದಿಂದ ಇನ್ನೊಂದಕ್ಕೆ ದಾಟುವುದರಿಂದ ಈ ಎರಡರ ಮೇಲೆ ವಿಶೇಷ ಕಣ್ಣಿದೆ. ಇದು ಬರೀ ಕಾಗದಪತ್ರದ ತೊಡಕಲ್ಲ. ನಿಮ್ಮ ಹಿತ್ತಲಿನ ಟೊಮೆಟೊಗೂ ಪಕ್ಕದವರ ಗಿಡಕ್ಕೂ ಇದರಿಂದ ರಕ್ಷಣೆಯಿದೆ. ಬ್ಯಾಡಗಿ, ಗುಂಟೂರು, ಭೂತ್ ಜೊಲೊಕಿಯಾ ಮೊದಲಾದ ಭಾರತೀಯ ತಳಿಗಳ ಬೀಜವನ್ನು ಅಲ್ಲಿಯೇ ಬೆಳೆಸಿ ಮಾರುವ ಸಣ್ಣ ಬೀಜ ವ್ಯಾಪಾರಿಗಳಿದ್ದಾರೆ. ಅವರಿಂದ ಕೊಂಡರೆ ಆ ಹವೆಯಲ್ಲಿ ಒಮ್ಮೆ ಕಾಯಿ ಬಿಟ್ಟ ಗಿಡದ ಬೀಜವೇ ನಿಮಗೆ ಸಿಗುತ್ತದೆ. ಒಂದು ಮಾತು ನೆನಪಿರಲಿ: ಮೆಣಸಿನ ಹೂವಿಗೆ ಪಕ್ಕದ ತಳಿಯ ಪರಾಗ ಸುಲಭವಾಗಿ ಸೇರಿಕೊಳ್ಳುತ್ತದೆ. ಗೆಳತಿಯ ಕುಂಡದ ಬೀಜದಿಂದ ಹುಟ್ಟಿದ ಗಿಡ ತಾಯಿಗಿಡದಂತೆಯೇ ಇರದಿದ್ದರೆ ನಿಮ್ಮ ಆರೈಕೆಯನ್ನು ದೂರಬೇಡಿ.

ಇನ್ನು ಬಿತ್ತುವ ಕಾಲ. ಜನವರಿಯ ಮೊದಲ ವಾರ ಬಹಳ ಬೇಗವಾಯಿತು. ಶಿಕಾಗೋ ಸುತ್ತಮುತ್ತ ಕೊನೆಯ ಹಿಮದ ಭಯ ಕಳೆಯುವುದು ಮೇ ಮಧ್ಯದ ಹೊತ್ತಿಗೆ. ಮೆಣಸನ್ನು ಹೊರಗೆ ನೆಡುವ ಕಾಲ ಇನ್ನೂ ಒಂದು ವಾರ ಹತ್ತು ದಿನ ತಡವಾಗಿ, ಮೇ 25ರ ಆಸುಪಾಸು ಎಂದಿಟ್ಟುಕೊಳ್ಳಿ. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಬ್ಯಾಡಗಿಗೆ 12 ವಾರ, ಅಂದರೆ ಮಾರ್ಚ್ ಮೊದಲ ವಾರ. ನಿಧಾನಕ್ಕೆ ಮೊಳೆತು ನಿಧಾನಕ್ಕೆ ಬೆಳೆಯುವ ಸೂಜಿಮೆಣಸು, ಹಬನೇರೋ, ಭೂತ್ ಜೊಲೊಕಿಯಾಗಳಿಗೆ 14 ವಾರ, ಅಂದರೆ ಫೆಬ್ರವರಿ ಮಧ್ಯ. ಸಾಮಾನ್ಯವಾಗಿ ಮೆಣಸಿಗೆ 8 ವಾರ ಸಾಕು ಎನ್ನುವುದುಂಟು. ದೊಣ್ಣೆಮೆಣಸಿಗೂ ಹಸಿಮೆಣಸಿನಕಾಯಿಗೂ ಅದು ಸರಿ. ಆದರೆ ಬ್ಯಾಡಗಿಯನ್ನು ನಾವು ಬೆಳೆಯುವುದು ಹಸಿರು ಕಾಯಿಗಲ್ಲ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಆ ಕಾಯಿಯ ಹೆಸರೆಲ್ಲ ಅದರ ಕೆಂಪು ಬಣ್ಣಕ್ಕೆ ಸೇರಿದ್ದು. ಅದು ಗಿಡದಲ್ಲಿಯೇ ಹಣ್ಣಾಗಿ, ಸುಕ್ಕು ಬಿದ್ದು, ಒಣಗಬೇಕು. ಮೇ ಕೊನೆಯಲ್ಲಿ ನೆಟ್ಟ ಗಿಡ ಜೂನ್ ಕೊನೆಗೆ ಹೂ ಬಿಟ್ಟರೂ ಕಾಯಿ ಪೂರ್ತಿ ಕೆಂಪಾಗಲು ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್ ಬರುತ್ತದೆ. ಅಕ್ಟೋಬರ್ ಮಧ್ಯಕ್ಕೆ ಮತ್ತೆ ಹಿಮ ಕಾದಿರುತ್ತದೆ. ಈ ಇಕ್ಕಟ್ಟಿನಿಂದಾಗಿಯೇ ನಾಲ್ಕು ವಾರ ಮೊದಲು ಬಿತ್ತಲು ಹೇಳುತ್ತಿದ್ದೇನೆ. ಅದಕ್ಕೂ ಮೊದಲು ಬಿತ್ತಿದರೆ ಲಾಭವಿಲ್ಲ: ಐದು ತಿಂಗಳು ಸಣ್ಣ ಕುಂಡದಲ್ಲಿ ಬೇರು ಸುತ್ತಿಕೊಂಡ ಗಿಡಕ್ಕಿಂತ ಮೂರು ತಿಂಗಳ ಗಟ್ಟಿ ಸಸಿ ನೆಲಕ್ಕೆ ಬಿದ್ದ ಮೇಲೆ ಬೇಗ ಮುಂದೆ ಹೋಗುತ್ತದೆ.

ಬಿಸುಪಿನ ಮಾತಿಗೆ ಬರೋಣ. ಮೆಣಸಿನ ಬೀಜ ಅತ್ಯುತ್ತಮವಾಗಿ ಮೊಳೆಯುವುದು ಮಣ್ಣು 25ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದಾಗ. ಆಗ ಎಂಟು ಹತ್ತು ದಿನಗಳಲ್ಲಿ ಮೊಳಕೆ ಕಾಣುತ್ತದೆ. 20 ಡಿಗ್ರಿಯಲ್ಲಿ ಅದೇ ಬೀಜ ಸುಮಾರು ಹದಿಮೂರು ದಿನ ತೆಗೆದುಕೊಳ್ಳುತ್ತದೆ, 15 ಡಿಗ್ರಿಯಲ್ಲಿ ಇಪ್ಪತ್ತೈದು ದಿನ, 10 ಡಿಗ್ರಿಯಲ್ಲಿ ಮೊಳೆಯುವುದೇ ಇಲ್ಲ. ನಿಮ್ಮ ಬೀಜಕ್ಕೆ ಮೂರು ವಾರ ಹಿಡಿದದ್ದನ್ನು ನೋಡಿದರೆ ಆ ಕುಂಡದ ಮಣ್ಣು 16–17 ಡಿಗ್ರಿಯ ಆಸುಪಾಸಿನಲ್ಲಿತ್ತು ಎಂದು ಊಹಿಸಬಹುದು. ಗೋಡೆಯ ಮೇಲಿನ ಥರ್ಮೋಸ್ಟಾಟ್ 21 ತೋರಿಸುತ್ತಿದ್ದರೂ, ರಾತ್ರಿ ಕಿಟಕಿಯ ಗಾಜಿನ ಪಕ್ಕದ ಗಾಳಿ ಅಷ್ಟಿರುವುದಿಲ್ಲ. ಒದ್ದೆ ಮಣ್ಣು ನೀರು ಆರುತ್ತ ಇನ್ನೂ ಒಂದೆರಡು ಡಿಗ್ರಿ ತಣ್ಣಗಾಗುತ್ತದೆ. ಹಾಗಿರುವಾಗ ಬೀಜ ಮೊಳೆಯುವುದಕ್ಕಿಂತ ಕೊಳೆಯುವುದೇ ಸುಲಭ.

ಇದಕ್ಕೆ ತಕ್ಕ ಸಾಧನವೆಂದರೆ ಸಸಿಗಳಿಗೆಂದೇ ಸಿಗುವ ಹೀಟ್ ಮ್ಯಾಟ್. ಒಂದು ಟ್ರೇ ಅಗಲದ ಮ್ಯಾಟ್ ಸುಮಾರು 20 ವ್ಯಾಟ್ ವಿದ್ಯುತ್ ಬಳಸುತ್ತದೆ, ಕೋಣೆಯ ಶಾಖಕ್ಕಿಂತ ಮಣ್ಣನ್ನು ಐದರಿಂದ ಹತ್ತು ಡಿಗ್ರಿ ಬೆಚ್ಚಗಿಡುತ್ತದೆ. ಅದರೊಂದಿಗೆ ತಾಪ ನಿಯಂತ್ರಕ ಕೊಂಡು, ಅದರ ಕಡ್ಡಿಯನ್ನು ಮಣ್ಣೊಳಗೆ ಬೀಜದ ಆಳಕ್ಕೇ ಚುಚ್ಚಿ, 28 ಡಿಗ್ರಿಗೆ ಹೊಂದಿಸಿ. ಮ್ಯಾಟ್ ಇಲ್ಲದಿದ್ದರೆ ಇನ್ನೊಂದು ದಾರಿಯಿದೆ, ಅದು ನಿಮಗೆ ಪರಿಚಯವೇ. ಚಳಿಗಾಲದಲ್ಲಿ ದೋಸೆ ಹಿಟ್ಟು ಹುದುಗು ಬರಲು ಓವನ್ನಿನ ದೀಪ ಹಚ್ಚಿ ಒಳಗಿಡುತ್ತೀರಲ್ಲ, ಹಿಟ್ಟಿಗೆ ಒಗ್ಗುವ ಆ ಬಿಸುಪೇ ಮೆಣಸಿನ ಬೀಜಕ್ಕೂ ಒಗ್ಗುತ್ತದೆ. ಒಳಗೊಂದು ಥರ್ಮಾಮೀಟರ್ ಇಟ್ಟು 30 ಡಿಗ್ರಿ ದಾಟದಂತೆ ನೋಡಿಕೊಳ್ಳಿ, ಓವನ್ ಗುಂಡಿಯ ಮೇಲೆ ‘ಒಳಗೆ ಬೀಜ ಇದೆ’ ಎಂದು ಬರೆದು ಅಂಟಿಸಿ. ಮನೆಯವರೊಬ್ಬರು ತಿಳಿಯದೆ ಓವನ್ ಬಿಸಿಗಿಟ್ಟು ಎರಡು ವಾರದ ಮೊಳಕೆಗಳೆಲ್ಲ ಬೆಂದುಹೋದದ್ದನ್ನು ನಾನು ಒಂದು ಮನೆಯಲ್ಲಿ ಕಂಡಿದ್ದೇನೆ. ವಿದ್ಯುತ್ ಕುಕ್ಕರಿನ ಮೊಸರು ಹೆಪ್ಪುಹಾಕುವ ಸ್ಥಾನವನ್ನು ಮಾತ್ರ ಬಳಸಬೇಡಿ. ಅದು 40 ಡಿಗ್ರಿಯ ಸುತ್ತ ಇರುತ್ತದೆ, ಮೊಳೆಯುವ ಬೀಜಕ್ಕೆ ಅದು ಅತಿಯಾಯಿತು.

ಹಿತ್ತಲಿನ ಮಣ್ಣು ಬೇಡ. ಅದು ನೆಲದಲ್ಲಿ ಎಷ್ಟೇ ಫಲವತ್ತಾಗಿರಲಿ, ಸಣ್ಣ ಕುಂಡದಲ್ಲಿ ಗಟ್ಟಿಯಾಗಿ ಕೂತು ನೀರು ಹಿಡಿದಿಡುತ್ತದೆ, ಸಸಿ ಕೊಳೆಸುವ ಶಿಲೀಂಧ್ರಗಳನ್ನೂ ಜೊತೆಗೆ ತರುತ್ತದೆ. ನಮ್ಮಲ್ಲಿಯೂ ಈಗ ಸಸಿ ಮಾರುವ ನರ್ಸರಿಗಳು ಮಣ್ಣಿನ ಮಡಿ ಬಿಟ್ಟು, ಪ್ರೋಟ್ರೇ ಎಂಬ ಸಣ್ಣ ಕುಳಿಗಳ ತಟ್ಟೆಗಳಲ್ಲಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿ ಮೆಣಸಿನ ಸಸಿ ಎಬ್ಬಿಸುತ್ತಿವೆ. ನೀವೂ ಸಸಿಗೆಂದೇ ಮಾರುವ ಹಗುರ ಮಿಶ್ರಣವನ್ನೋ, ಕೋಕೋಪೀಟಿಗೆ ಪರ್ಲೈಟ್ (ನೀರು ಬಸಿಯಲು ಬೆರೆಸುವ ಹಗುರವಾದ ಬಿಳಿ ಹರಳು) ಬೆರೆಸಿಯೋ ಬಳಸಿ. ಅದನ್ನು ಬೆಚ್ಚಗಿನ ನೀರಿನಲ್ಲಿ ಕಲಸಿ, ಮುಷ್ಟಿಯಲ್ಲಿ ಹಿಂಡಿದಾಗ ಒಂದೆರಡು ಹನಿ ಮಾತ್ರ ಬೀಳುವ ಹದಕ್ಕೆ ತಂದು, ಕುಳಿಗಳಲ್ಲಿ ತುಂಬಿ, ಅರ್ಧ ಸೆಂಟಿಮೀಟರಿಗಿಂತ ಚೂರು ಹೆಚ್ಚು ಆಳಕ್ಕೆ ಕುಳಿಗೆರಡು ಬೀಜದಂತೆ ಹಾಕಿ. ಬೀಜವನ್ನು ಹಿಂದಿನ ರಾತ್ರಿ ಉಗುರುಬೆಚ್ಚನೆಯ ನೀರಿನಲ್ಲಿ ನೆನೆಸಿದರೆ ಒಂದೆರಡು ದಿನ ಉಳಿಯಬಹುದು. ಮೇಲೆ ಪಾರದರ್ಶಕ ಮುಚ್ಚಳ ಹಾಕಿಟ್ಟರೆ ಮೊಳೆಯುವವರೆಗೆ ಮತ್ತೆ ನೀರು ಬೇಕಾಗುವುದು ಅಪರೂಪ.

ಮೊಳಕೆ ಬರುವುದನ್ನು ಹತ್ತಿರದಿಂದ ನೋಡಿ. ಮೊದಲು ಮಿಶ್ರಣದ ಮೇಲ್ಪದರ ಒಂದು ಸಾಸಿವೆಯಷ್ಟು ಉಬ್ಬಿ ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ಬೆಳ್ಳಗಿನ ಕೊಕ್ಕೆಯೊಂದು ಬೆನ್ನು ಬಗ್ಗಿಸಿ ಏಳುತ್ತದೆ. ಎರಡು ತುದಿಗಳೂ ಇನ್ನೂ ಮಣ್ಣೊಳಗೇ ಇರುತ್ತವೆ. ಅರ್ಧ ದಿನದೊಳಗೆ ಕೊಕ್ಕೆ ನೆಟ್ಟಗಾಗುತ್ತ ಒಂದು ತುದಿಯನ್ನು ಮೇಲಕ್ಕೆಳೆದುಕೊಳ್ಳುತ್ತದೆ, ಎರಡು ಕಿರಿದಾದ, ಮೊನಚಾದ ಬೀಜದಳಗಳು ಬಿಚ್ಚಿಕೊಳ್ಳುತ್ತವೆ. ಕೆಲವೊಮ್ಮೆ ಬೀಜದ ಸಿಪ್ಪೆ ಆ ದಳಗಳ ತುದಿಗೆ ಟೋಪಿಯಂತೆ ಅಂಟಿಕೊಂಡೇ ಬರುತ್ತದೆ. ಅದನ್ನು ಎಳೆಯಬೇಡಿ, ಎಳೆದರೆ ದಳ ಕಿತ್ತು ಬರುತ್ತದೆ. ದಿನಕ್ಕೆರಡು ಬಾರಿ ಅದರ ಮೇಲೆ ಒಂದು ಹನಿ ನೀರು ಬಿಟ್ಟು ಮೆತ್ತಗಾಗಲು ಬಿಡಿ, ಹೆಚ್ಚಿನವು ತಾವೇ ಕಳಚಿಕೊಳ್ಳುತ್ತವೆ.

ಆ ಕೊಕ್ಕೆ ಕಂಡ ದಿನವೇ ಟ್ರೇ ಜಾಗ ಬದಲಾಯಿಸಬೇಕು. ನಾಳೆ ನೋಡೋಣ ಎಂದರೆ, ಬೆಚ್ಚಗಿನ ಕತ್ತಲೆಯಲ್ಲಿ ಒಂದೇ ರಾತ್ರಿಗೆ ಸಸಿ ಎಷ್ಟು ಉದ್ದಕ್ಕೆ ಎಳೆದುಕೊಳ್ಳುತ್ತದೆ ಎಂದರೆ ಆಮೇಲೆ ಅದನ್ನು ಸರಿಪಡಿಸಲಾಗುವುದಿಲ್ಲ. ಮ್ಯಾಟ್ ಆರಿಸಿ, ಮುಚ್ಚಳ ತೆಗೆದು, ದೀಪದಡಿ ಇಡಿ. ದಕ್ಷಿಣದ ಕಿಟಕಿ ಸಾಲದೇ ಎಂದು ಬಹಳ ಜನ ಕೇಳುತ್ತಾರೆ. ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನಲ್ಲಿ ಹಗಲು ಹನ್ನೊಂದು ಗಂಟೆಗಿಂತ ಹೆಚ್ಚಿರುತ್ತದೆ, ಶಿಕಾಗೋದಲ್ಲಿ ಒಂಬತ್ತು ಗಂಟೆಗಿಂತ ಚೂರು ಹೆಚ್ಚು. ಫೆಬ್ರವರಿಗೆ ಅದು ಹತ್ತೂವರೆ ಗಂಟೆಯಾದರೂ ಸೂರ್ಯ ಕೆಳಗೇ ಇರುತ್ತಾನೆ, ಮೋಡ ಮುಸುಕಿದ ದಿನಗಳೇ ಹೆಚ್ಚು. ನಮ್ಮ ಕಣ್ಣು ಹೊಂದಿಕೊಳ್ಳುವುದರಿಂದ ಕಿಟಕಿಯ ಬಳಿ ಬೇಕಾದಷ್ಟು ಬೆಳಕಿದೆ ಎನ್ನಿಸುತ್ತದೆ, ಸಸಿಗೆ ಅದು ಹೊಟ್ಟೆಗೆ ಸಾಲದ ಊಟ. ಕೋಣೆ ಬೆಚ್ಚಗಿದ್ದು ಬೆಳಕು ಕಡಿಮೆಯಿದ್ದಾಗ ಗಿಡ ಎಲೆ ಮಾಡದೆ ಕಾಂಡವನ್ನಷ್ಟೇ ಉದ್ದ ಮಾಡಿ ಬೆಳಕು ಹುಡುಕುತ್ತದೆ. ನೀವು ಬರೆದ ದಾರದಂತಹ ಸಸಿ ಹೀಗೆಯೇ ಹುಟ್ಟುವುದು.

ದುಬಾರಿ ನೇರಳೆ ದೀಪಗಳು ಬೇಕಿಲ್ಲ. ಗ್ಯಾರೇಜಿಗೆ ಹಾಕುವ ನಾಲ್ಕು ಅಡಿಯ ಬಿಳಿ ಎಲ್‌ಇಡಿ ದೀಪ, ಡಬ್ಬಿಯ ಮೇಲೆ 5000 ಅಥವಾ 6500 ಕೆಲ್ವಿನ್ ಎಂದು ಬರೆದಿರುವಂಥದು, ಎರಡು ಜೋಡಿಸಿದರೆ ಎರಡು ಟ್ರೇ ಸಸಿಗೆ ಸಾಕು. ಅದನ್ನು ಸರಪಳಿಯಲ್ಲಿ ತೂಗುಹಾಕಿ, ಸಸಿಯ ತುದಿಯಿಂದ 15 ಸೆಂಟಿಮೀಟರ್ ಮೇಲಿರುವಂತೆ ಇಟ್ಟು, ಗಿಡ ಬೆಳೆದಂತೆ ಏರಿಸುತ್ತ ಹೋಗಿ. ಟೈಮರ್ ಹಾಕಿ ದಿನಕ್ಕೆ 14ರಿಂದ 16 ಗಂಟೆ ಉರಿಯಲಿ, ಉಳಿದ ಹೊತ್ತು ಕತ್ತಲಿರಲಿ. ಕೋಣೆಯ ಶಾಖ ಹಗಲು 20–22, ರಾತ್ರಿ 17–18 ಡಿಗ್ರಿ ಇದ್ದರೆ ಗಿಡ ಗಿಡ್ಡವಾಗಿ, ದಪ್ಪ ಕಾಂಡದೊಂದಿಗೆ ಬೆಳೆಯುತ್ತದೆ. ಬಲವಾದ ಬೆಳಕಿನಡಿ ಗೆಣ್ಣುಗಳು ನೇರಳೆ ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ, ಮೆಣಸಿನಲ್ಲಿ ಅದು ಸಹಜ.

ಬುಡದಲ್ಲಿ ಮುರಿದು ಬಿದ್ದ ಸಸಿಗಳಿಗೆ ಬಂದದ್ದು ಸಸಿ ಕೊಳೆಯುವ ರೋಗ. ಮಣ್ಣಿನ ಮಟ್ಟದಲ್ಲಿ ಕಾಂಡ ನೀರಿಳಿದಂತಾಗಿ, ಸೂಜಿಯಷ್ಟು ತೆಳ್ಳಗಾಗಿ, ಮೇಲಿನ ಎಲೆ ಇನ್ನೂ ಹಸಿರಾಗಿರುವಾಗಲೇ ಮಲಗಿಬಿಡುತ್ತದೆ. ಒಮ್ಮೆ ಬಿದ್ದ ಸಸಿಗೆ ಔಷಧವಿಲ್ಲ. ಅದನ್ನು ಸುತ್ತಲಿನ ಮಿಶ್ರಣದ ಸಮೇತ ಎತ್ತಿ ಹಾಕಿ, ಉಳಿದವನ್ನು ಒಣಗಲು ಬಿಡಬೇಕು. ಈ ರೋಗಕ್ಕೆ ಶಿಲೀಂಧ್ರ ಕಾರಣವೆಂಬುದು ನಿಜವಾದರೂ ಅದಕ್ಕೆ ಬಾಗಿಲು ತೆರೆಯುವುದು ದಿನವೂ ಹಾಕುವ ನೀರು. ಮನೆಯೊಳಗಿನ ಸಸಿಗಳನ್ನು ಕೊಲ್ಲುವ ಕಾರಣಗಳಲ್ಲಿ ಪ್ರೀತಿಯಿಂದ ಹಾಕಿದ ನೀರಿಗೇ ನಾನು ಮೊದಲ ಸ್ಥಾನ ಕೊಡುತ್ತೇನೆ. ನೀರು ಯಾವಾಗ ಹಾಕಬೇಕೆಂದು ಗಡಿಯಾರ ನೋಡಿ ನಿರ್ಧರಿಸಬೇಡಿ, ಟ್ರೇ ಎತ್ತಿ ನೋಡಿ. ನೀರುಂಡ ಟ್ರೇಯ ಭಾರ ಒಮ್ಮೆ ಕೈಗೆ ಗೊತ್ತಾದರೆ, ಅದು ಹಗುರಾದದ್ದೂ ಕೈಗೇ ಗೊತ್ತಾಗುತ್ತದೆ. ಮೇಲ್ಪದರದ ಬಣ್ಣ ತಿಳಿಯಾಗಿ, ಟ್ರೇ ಹಗುರಾದ ಮೇಲೆ, ಕೆಳಗಿನ ತಟ್ಟೆಗೆ ಕೋಣೆಯಷ್ಟೇ ಬಿಸುಪಿನ ನೀರು ಸುರಿದು, ಅರ್ಧ ಗಂಟೆ ಹೀರಲು ಬಿಟ್ಟು, ಉಳಿದದ್ದನ್ನು ಚೆಲ್ಲಿಬಿಡಿ. ಸಣ್ಣ ಫ್ಯಾನೊಂದನ್ನು ದೂರದಲ್ಲಿಟ್ಟು ಎಲೆ ಮೆಲ್ಲಗೆ ಅಲುಗುವಷ್ಟು ಗಾಳಿ ಬಿಟ್ಟರೆ ಮೇಲ್ಪದರ ಒಣಗಿರುತ್ತದೆ, ಕಾಂಡವೂ ಗಟ್ಟಿಯಾಗುತ್ತದೆ. ನೀರು ಹೆಚ್ಚಾದದ್ದಕ್ಕೆ ಇನ್ನೊಂದು ಗುರುತು ಎಲೆಯ ಕೆಳಭಾಗದಲ್ಲಿ ಏಳುವ ಸಣ್ಣ ಹರಳಿನಂತಹ ಗುಳ್ಳೆಗಳು. ಅದನ್ನು ರೋಗವೆಂದೋ ಕೀಟದ ಮೊಟ್ಟೆಯೆಂದೋ ತಿಳಿದು ಔಷಧ ಸಿಂಪಡಿಸುವವರಿದ್ದಾರೆ; ನೀರು ಕಡಿಮೆ ಮಾಡಿದರೆ ಹೊಸ ಎಲೆಗಳು ಶುದ್ಧವಾಗಿ ಬರುತ್ತವೆ.

ಗೊಬ್ಬರದ ಮಾತು ಚಿಕ್ಕದು. ಬೀಜದಳಗಳ ಮೇಲೆ ಎರಡು ನಿಜವಾದ ಎಲೆ ಬರುವವರೆಗೆ ಏನೂ ಬೇಡ. ಆಮೇಲೆ ವಾರಕ್ಕೊಮ್ಮೆ, ಡಬ್ಬಿಯ ಮೇಲೆ ಬರೆದ ಪ್ರಮಾಣದ ಕಾಲುಭಾಗದಷ್ಟು ದ್ರವಗೊಬ್ಬರ ಸಾಕು. ಎರಡು ಮೂರು ಜೊತೆ ಎಲೆಗಳಾದಾಗ, ಕುಳಿಯಲ್ಲಿ ಬಲವಾದ ಒಂದೇ ಸಸಿ ಉಳಿಸಿ ಇನ್ನೊಂದನ್ನು ಕತ್ತರಿಯಿಂದ ಕತ್ತರಿಸಿ, ಉಳಿದದ್ದನ್ನು ಹತ್ತು ಸೆಂಟಿಮೀಟರಿನ ಕುಂಡಕ್ಕೆ ದಾಟಿಸಿ. ಟೊಮೆಟೊ ಸಸಿಯಂತೆ ಕಾಂಡವನ್ನು ಆಳಕ್ಕೆ ಹೂಳಬೇಡಿ, ಮೆಣಸಿನ ಕಾಂಡ ಅಷ್ಟು ಸುಲಭವಾಗಿ ಬೇರು ಬಿಡುವುದಿಲ್ಲ. ಒಳಗೆ ಬೆಳೆದ ಮೆಣಸಿಗೆ ಸಸ್ಯಹೇನು ಬರುವುದು ಸಾಮಾನ್ಯ, ಏಕೆಂದರೆ ಅದನ್ನು ತಿನ್ನುವ ಗುಲಗಂಜಿ ಹುಳು ಮನೆಯೊಳಗಿರುವುದಿಲ್ಲ. ವಾರಕ್ಕೊಮ್ಮೆ ಚಿಗುರೆಲೆ ಮಗುಚಿ ನೋಡಿ, ಕಂಡರೆ ಬೆರಳಿನಿಂದ ಒರೆಸಿ, ಸಾಬೂನು ದ್ರಾವಣ ಸಿಂಪಡಿಸಿ, ಮೂರು ನಾಲ್ಕು ದಿನಕ್ಕೆ ಮತ್ತೊಮ್ಮೆ ಹಾಗೆಯೇ ಮಾಡಿ. ಒಳಗಿರುವಾಗಲೇ ಮೊಗ್ಗು ಬಂದರೆ ಚಿವುಟಿ, ಆ ವಯಸ್ಸಿನಲ್ಲಿ ಗಿಡ ಬೇರು ಬೆಳೆಸಲಿ.

ಕೊನೆಯದಾಗಿ, ಹೊರಗೆ ನೆಟ್ಟ ಸೂಜಿಮೆಣಸು ಹಳದಿಯಾಗಿ ನಿಂತದ್ದೇಕೆ ಎಂಬುದು. ಮೇ ಆರಂಭದಲ್ಲಿ ಹಿಮ ಬೀಳದಿದ್ದರೂ ರಾತ್ರಿಗಳು 5ರಿಂದ 8 ಡಿಗ್ರಿಗೆ ಇಳಿಯುತ್ತವೆ. ಉಷ್ಣವಲಯದ ಈ ಗಿಡ ಅಂತಹ ಚಳಿಯಲ್ಲಿ ಸಾಯುವುದಿಲ್ಲ, ಆದರೆ ತಣ್ಣನೆಯ ಮಣ್ಣಿನಲ್ಲಿ ಬೇರು ಕೆಲಸ ನಿಲ್ಲಿಸುತ್ತದೆ, ಮಣ್ಣಿನಲ್ಲಿ ಸಾರವಿದ್ದರೂ ಎಲೆಗೆ ತಲುಪುವುದಿಲ್ಲ. ಹಾಗೆ ಒಮ್ಮೆ ಕುಗ್ಗಿದ ಗಿಡ ಚೇತರಿಸಿಕೊಳ್ಳಲು ವಾರಗಳೇ ಬೇಕಾಗುತ್ತವೆ. ರಾತ್ರಿಯ ಶಾಖ ಸತತವಾಗಿ 12–13 ಡಿಗ್ರಿಗಿಂತ ಮೇಲೆ ನಿಲ್ಲುವವರೆಗೆ ಕಾಯಿರಿ; ಪಕ್ಕದವರು ಟೊಮೆಟೊ ನೆಟ್ಟ ಮೇಲೂ ಒಂದು ವಾರ ಕಾಯಿರಿ. ನೆಡುವ ಮೊದಲಿನ ಹತ್ತು ದಿನ ಸಸಿಯನ್ನು ಹದಗೊಳಿಸಬೇಕು: ಮೊದಲ ದಿನ ಗಾಳಿಯಿಲ್ಲದ ನೆರಳಿನಲ್ಲಿ ಒಂದು ಗಂಟೆ, ಮರುದಿನ ಎರಡು ಗಂಟೆ, ನಾಲ್ಕನೆಯ ದಿನದಿಂದ ಬೆಳಗಿನ ಎಳೆಬಿಸಿಲು, ಹೀಗೆ ಹೆಚ್ಚಿಸುತ್ತ ಹೋಗಿ. ದೀಪದಡಿ ಬೆಳೆದ ಎಲೆ ನೇರ ಬಿಸಿಲನ್ನು ಕಂಡಿರುವುದಿಲ್ಲ, ಏಕಾಏಕಿ ಬಿಸಿಲಿಗಿಟ್ಟರೆ ಒಂದೇ ಮಧ್ಯಾಹ್ನದಲ್ಲಿ ಬೆಳ್ಳಗೆ ಸುಟ್ಟು ಕಾಗದದಂತಾಗುತ್ತದೆ.

ನೆಲಕ್ಕಿಂತ 15–20 ಲೀಟರಿನ ಕಪ್ಪು ಕುಂಡ ಅಥವಾ ಬಟ್ಟೆಯ ಚೀಲ ನಿಮ್ಮ ಸೂಜಿಮೆಣಸಿಗೆ ಹೆಚ್ಚು ಒಳ್ಳೆಯದು. ಅದರ ಮಣ್ಣು ಬೇಗ ಬೆಚ್ಚಗಾಗುತ್ತದೆ. ಅಕ್ಟೋಬರ್‌ನಲ್ಲಿ ಚಳಿ ಬಂದಾಗ ಕೊಂಬೆಗಳನ್ನು ಗೇಣುದ್ದಕ್ಕೆ ಸವರಿ, ಹೇನು ತೊಳೆದು, ಕುಂಡವನ್ನೇ ಒಳಗೆ ತರಬಹುದು. ಸೂಜಿಮೆಣಸು ಹಲವು ವರ್ಷ ಬಾಳುವ ಗಿಡ. ಮಲೆನಾಡಿನ ಹಿತ್ತಲುಗಳಲ್ಲಿ ಮೂರು ನಾಲ್ಕು ವರ್ಷದ ಪೊದೆಗಳು ಕಾಯಿ ಬಿಡುತ್ತಲೇ ಇರುತ್ತವೆ. ನಿಮ್ಮ ಆ ಎರಡು ಗಿಡಗಳು ಇನ್ನೂ ಜೀವಂತವಾಗಿದ್ದರೆ ಈ ಸಲ ಬಿಸಾಡಬೇಡಿ. ಹತ್ತು ಹದಿನೈದು ಡಿಗ್ರಿಯ ತಂಪು ಕೋಣೆಯಲ್ಲಿ, ಎರಡು ಮೂರು ವಾರಕ್ಕೊಮ್ಮೆ ಸ್ವಲ್ಪವೇ ನೀರು ಕೊಟ್ಟು ಮಲಗಿಸಿಡಿ, ಮಾರ್ಚ್‌ನಲ್ಲಿ ಬ್ಯಾಡಗಿ ಬಿತ್ತುವ ವಾರ ಅವನ್ನೂ ದೀಪದಡಿಗೆ ತನ್ನಿ. ಬ್ಯಾಡಗಿಯ ಸಸಿ ನಾಲ್ಕು ಎಲೆ ಕಾಣುವ ಹೊತ್ತಿಗೆ ಹಳೆಯ ಗಿಡದ ಗೆಣ್ಣುಗಳಲ್ಲಿ ಚಿಗುರು ಒಡೆದಿರುತ್ತದೆ.